ಎರಡು ಕೊಡ ನೀರಿನ ಚರಿತ್ರೆ

ಆಸಿಡ್ ಸ್ಲರಿ ಅಂದ್ರೆ ಏನು ಅಂತ ಕೇಳಿದರೆ ನಮ್ಮಲ್ಲಿ ಓದಿಕೊಂಡ ಬಹಳ ಜನ ತಲೆ ಕೆರೆದುಕೊಳ್ಳುತ್ತಾರೆ. ಯಾವುದಾದರೂ ಕೈಗಾರಿಕಾ ಪ್ರದೇಶದ ಹಿಂದಿನ ಓಣಿಗೆ ಹೋಗಿ, ತಗಡಿನ ಶೆಡ್ಡಲ್ಲಿ ಸೋಪಿನ ಪುಡಿ ಕಲಸೋ ಹೆಣ್ಣುಮಕ್ಕಳನ್ನು ಕೇಳಿ. ಬಾಯಲ್ಲಿ ಹೇಳಲ್ಲ, ಕೈ ತೋರಿಸ್ತಾರೆ.

ಈ ಸ್ಲರಿಗೆ ಒಂದು ಕಾಗದ ಇರುತ್ತದೆ. ಸೇಫ್ಟಿ ಡೇಟಾ ಶೀಟ್ ಅಂತಾರೆ. 16 ಭಾಗ. ನಾಲ್ಕನೇ ಭಾಗ ಪ್ರಥಮ ಚಿಕಿತ್ಸೆ. ಅಲ್ಲಿ ಸಾಮಾನ್ಯವಾಗಿ ಒಂದು ಮಾತು ಇರುತ್ತದೆ: ಕಣ್ಣಿಗೆ, ಮೈಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ.

ಆ ಒಂದು ಸಾಲಿನ ಚರಿತ್ರೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಉದ್ದ ಆಗಿದೆ, ಪುರುಸೊತ್ತಲ್ಲಿ ಓದಿ.

ಮೊದಲು ವಸ್ತುವಿನ ಕಥೆ. ಒಂದು ತುದಿಯಲ್ಲಿ ನೀರನ್ನೂ ಇನ್ನೊಂದು ತುದಿಯಲ್ಲಿ ಜಿಡ್ಡನ್ನೂ ಹಿಡಿದುಕೊಳ್ಳುವ ಅಣುವಿಗೆ ಸರ್ಫ್ಯಾಕ್ಟಂಟ್ ಅನ್ನುತ್ತಾರೆ. ಸೋಪು ಅದೇ. ಸೀಗೆಕಾಯಿ, ಅಂಟುವಾಳದ ನೊರೆಯಲ್ಲಿ ಇರುವುದೂ ಅಂಥದ್ದೇ. ಅಗಸರ ಕಟ್ಟೆಯಲ್ಲಿ ಚೌಳು ಮಣ್ಣಿತ್ತು. ನಮ್ಮ ಕೇರಿಗಳಲ್ಲಿ ಚರ್ಮ ಹದ ಮಾಡೋಕೆ ಸುಣ್ಣದ ಗುಂಡಿ, ತಂಗಡಿ ಚಕ್ಕೆ ಇತ್ತು. ಸುಣ್ಣವೂ ಕೈ ಸುಡುತ್ತದೆ, ಅದಕ್ಕೆ ಯಾರೂ ಡೇಟಾ ಶೀಟ್ ಬರೆದುಕೊಡಲಿಲ್ಲ. ಊರಿನ ಕೊಳೆ ತೆಗೆಯೋರು ಯಾರು ಅನ್ನೋದು ಕೆಮಿಕಲ್ ಬರೋಕೆ ಎಷ್ಟೋ ಮೊದಲೇ ತೀರ್ಮಾನ ಆಗಿತ್ತು. (ಮೈಸೂರು ಗಂಧದ ಸೋಪಿನ ಚರಿತ್ರೆ ಎಲ್ಲರೂ ಓದಿದ್ದೀವಿ. ಅದು ಇಲ್ಲಿ ಬೇಡ.)

ಸೋಪಿಗೆ ಕೊಬ್ಬು, ಎಣ್ಣೆ ಬೇಕು. ಮೊದಲ ಮಹಾಯುದ್ಧದಲ್ಲಿ ಜರ್ಮನಿಗೆ ಕೊಬ್ಬಿನ ಬರ ಬಂತು. ಕೊಬ್ಬಿಲ್ಲದೆ ತೊಳೆಯೋ ವಸ್ತು ಹುಡುಕಿದರು. ಸಿಂಥೆಟಿಕ್ ಡಿಟರ್ಜೆಂಟ್ ಹುಟ್ಟಿದ್ದು ಅಲ್ಲಿ, ಬೆಳೆದದ್ದು ಎರಡನೇ ಯುದ್ಧದ ನಂತರ ಪೆಟ್ರೋಲಿಯಂ ಕಾರ್ಖಾನೆಗಳ ಮಗ್ಗುಲಲ್ಲಿ. ಮೊದಲಿನ ತಳಿ ಕೊಳೆಯುತ್ತಲೇ ಇರಲಿಲ್ಲ, ಯುರೋಪಿನ ನದಿಗಳ ಮೇಲೆ ಬೆಟ್ಟದಂಥ ನೊರೆ ನಿಂತಿತು. ಪಶ್ಚಿಮ ಜರ್ಮನಿ 1961ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಆಮೇಲೆ ಬೇಗ ಕೊಳೆಯೋ ತಳಿ ಬಂತು. ನಾವು ಇವತ್ತು ಸ್ಲರಿ ಅನ್ನೋದು ಇದನ್ನೇ. ಇದು ಗಾಳಿ ಇದ್ದಲ್ಲಿ ಕೊಳೆಯುತ್ತದೆ. ಗಾಳಿ ಇಲ್ಲದ ಕೆಸರಿನಲ್ಲಿ ಸುಮ್ಮನೆ ಕೂತಿರುತ್ತದೆ. ಈ ಮಾತು ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ನಮ್ಮ ದೇಶಕ್ಕೆ ಸರ್ಫ್ 1959ರಲ್ಲಿ ಬಂತು. ಅದು ದುಡ್ಡಿದ್ದವರ ಮನೆಗೆ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲ್ ಮನೆಯಲ್ಲೇ ಪುಡಿ ಕಲಸಿ ಸೈಕಲ್ಲಿನಲ್ಲಿ ಮಾರೋಕೆ ಶುರು ಮಾಡಿದರು. ಅದೇ ನಿರ್ಮಾ. ಈ ಕಥೆಯನ್ನು ಮ್ಯಾನೇಜ್‌ಮೆಂಟ್ ಕ್ಲಾಸಲ್ಲಿ ಸಾಹಸದ ಕಥೆಯಾಗಿ ಹೇಳುತ್ತಾರೆ, ಹೇಳಲಿ. ಅದರಿಂದ ದೇಶಕ್ಕೆ ಗೊತ್ತಾದ ಇನ್ನೊಂದು ಸಂಗತಿ ಅಂದ್ರೆ, ಈ ಪುಡಿ ಮಾಡೋಕೆ ದೊಡ್ಡ ಯಂತ್ರವೇ ಬೇಡ. ನೆಲದ ಮೇಲೆ ಸೋಡಾ ಹರಡು, ಮೇಲೆ ಸ್ಲರಿ ಸುರಿ, ಸಲಿಕೆಯಲ್ಲಿ ತಿರುವು. ಉಕ್ಕಿ, ಬಿಸಿಯಾಗಿ, ಆರಿದ ಮೇಲೆ ಜರಡಿ ಹಿಡಿ. ಯಂತ್ರದ ಜಾಗದಲ್ಲಿ ಕೂಲಿಯವರು ನಿಂತರು. ಊರೂರಲ್ಲಿ ಶೆಡ್ಡುಗಳು ಎದ್ದವು.

ಸ್ಲರಿ ನೋಡೋಕೆ ಬೆಲ್ಲದ ಪಾಕದ ಹಾಗಿರುತ್ತದೆ, ಕಂದು, ಮಂದ. ಅದರೊಳಗೆ ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಕೂಡ ಉಳಿದಿರುತ್ತದೆ. ಪಾಕದ ಹಾಗಿರುವುದೇ ಅದರ ಮೋಸ. ನೀರಿನಂಥ ಆಸಿಡ್ ಮೈಮೇಲಿಂದ ಜಾರಿ ಬೀಳುತ್ತದೆ, ಇದು ಅಂಟುತ್ತದೆ. ಅಂಟಿದ್ದು ಚರ್ಮದ ಜಿಡ್ಡನ್ನೇ ಕರಗಿಸಿ ಒಳಕ್ಕೆ ದಾರಿ ಮಾಡಿಕೊಳ್ಳುತ್ತದೆ. ಅದಕ್ಕೇ ಒಂದು ಚೊಂಬು ನೀರು ಸಾಲಲ್ಲ, ಅದಕ್ಕೇ 15 ನಿಮಿಷ.

ಈ 15 ನಿಮಿಷವನ್ನು ಲೆಕ್ಕ ಹಾಕಿ ನೋಡಿ. ಅಮೆರಿಕದಲ್ಲಿ 1981ರಲ್ಲಿ ಕಣ್ಣು ತೊಳೆಯೋ ನಲ್ಲಿಗೂ ಮೈ ತೊಳೆಯೋ ಶವರಿಗೂ ಒಂದು ಮಾನದಂಡ ಮಾಡಿದರು. ಲೋಕದ ದೊಡ್ಡ ಕಾರ್ಖಾನೆಗಳು ಈಗಲೂ ಅದನ್ನೇ ನೋಡುತ್ತವೆ. ಕಣ್ಣಿಗೆ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್, 15 ನಿಮಿಷಕ್ಕೆ 22 ಲೀಟರ್ ಚಿಲ್ಲರೆ. ಅಂದ್ರೆ ಹೆಚ್ಚು ಕಡಿಮೆ ಎರಡು ಕೊಡ. ಮೈಮೇಲೆಲ್ಲ ಬಿದ್ದರೆ ಶವರಿಗೆ ನಿಮಿಷಕ್ಕೆ 75 ಲೀಟರ್, 15 ನಿಮಿಷಕ್ಕೆ 1,100 ಲೀಟರ್ ದಾಟುತ್ತದೆ. ನಲ್ಲಿ ಎಲ್ಲಿರಬೇಕು? ಪೆಟ್ಟು ತಿಂದವರು 10 ಸೆಕೆಂಡಿನಲ್ಲಿ ತಲುಪುವ ದೂರದಲ್ಲಿ. ನಮ್ಮ ಹಳ್ಳಿಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಕೊಡ್ತೀವಿ ಅಂತ ಜಲಜೀವನ್ ಮಿಷನ್ ಹೇಳುತ್ತದೆ. ಹಾಗಾದರೆ ಒಬ್ಬಳ ಮೈ ತೊಳೆಯೋಕೆ ಇಪ್ಪತ್ತು ಜನರ ಒಂದು ದಿನದ ನೀರು ಬೇಕು. ಅದೂ ತಕ್ಷಣ. ಯಾರನ್ನೂ ಕೇಳದೆ ತಿರುಗಿಸಿಕೊಳ್ಳೋ ನಲ್ಲಿಯಲ್ಲಿ.

ಯಾರನ್ನೂ ಕೇಳದೆ. ಇಲ್ಲೇ ನನಗೆ ಮಹಾಡ್ ನೆನಪಾಗೋದು.

1927ರ ಮಾರ್ಚ್ 20. ಬಾಬಾಸಾಹೇಬರು ಚವದಾರ್ ಕೆರೆಯ ನೀರು ಮುಟ್ಟಿದರು, ಹಿಂದೆ ಸಾವಿರಾರು ಜನ ಮುಟ್ಟಿದರು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿವೆ ಅಂತ ಮುಂಬಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಕಾಗದದಲ್ಲಿ ನೀರಿತ್ತು, ಕೈಗೆ ಇರಲಿಲ್ಲ. ಮುಟ್ಟಿದ ಮೇಲೆ ಊರಿನವರು ಕೆರೆಯನ್ನು ‘ಶುದ್ಧ’ ಮಾಡಿದರು, 108 ಮಡಕೆಗಳಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಸುರಿದು. ಕೋರ್ಟಿನಲ್ಲಿ ಹಕ್ಕು ಖಚಿತ ಆಗೋಕೆ 1937 ಆಗಬೇಕಾಯಿತು. ಹತ್ತು ವರ್ಷ! ಮಹಾಡನ್ನು ಬಾಯಾರಿಕೆಯ ಹೋರಾಟ ಅಂತ ಓದೋರಿದ್ದಾರೆ, ಮಾನದ ಹೋರಾಟ ಅಂತ ಓದೋರಿದ್ದಾರೆ. ಎರಡೂ ಸರಿ. ಕೆಮಿಕಲ್ ಕೆಲಸದವರ ಮಧ್ಯೆ ಓಡಾಡೋ ನನಗೆ ಅದು ಪ್ರಥಮ ಚಿಕಿತ್ಸೆಯ ಹೋರಾಟವಾಗಿಯೂ ಕಾಣುತ್ತದೆ. ಮೈ ಸುಟ್ಟವನಿಗೆ ಲೋಕದ ಎಲ್ಲ ವೈದ್ಯರೂ ಮೊದಲು ಬರೆದುಕೊಡೋ ಔಷಧಿ ನೀರು. ಅದನ್ನೇ ಮುಟ್ಟಬೇಡ ಅಂದಿದ್ದು ನಮಗೆ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂತ್ರಿಮಂಡಲದಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಎಂಟು ಗಂಟೆ ಕೆಲಸದ ವಿಚಾರ ನಮ್ಮ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಕಡಿಮೆ ಜನಕ್ಕೆ ಗೊತ್ತಿರೋದು, ಕಾರ್ಖಾನೆಗಳ ಸುರಕ್ಷತೆಗೆ ಸಲಹೆ ಕೊಡೋ ಕೇಂದ್ರದ ಕಚೇರಿ ಶುರುವಾಗಿದ್ದು 1945ರಲ್ಲಿ, ಅವರ ಇಲಾಖೆಯ ಅಡಿಯಲ್ಲಿ. ಇವತ್ತಿನ ಡಿಜಿಫಾಸ್ಲಿಯ ಬೇರು ಅದೇ. ಇದನ್ನು ನಮ್ಮ ಏಪ್ರಿಲ್ 14ರ ಬ್ಯಾನರುಗಳಲ್ಲಿ ನಾನಂತೂ ಒಮ್ಮೆಯೂ ನೋಡಿಲ್ಲ. ಹಾಕಿ ಸ್ವಾಮಿ, ಜಾಗ ಇದೆ.

ಆಮೇಲೆ ಬಂದದ್ದು 1948ರ ಕಾರ್ಖಾನೆ ಕಾಯ್ದೆ. ಅದರ 18ನೇ ಸೆಕ್ಷನ್ ಓದಿ. ಕುಡಿಯುವ ನೀರಿನ ಜಾಗದಲ್ಲಿ ‘ಕುಡಿಯುವ ನೀರು’ ಅಂತ ಬರೆದಿರಬೇಕಿತ್ತು, ಅದೂ ಹೆಚ್ಚಿನ ಕೆಲಸಗಾರರಿಗೆ ತಿಳಿಯೋ ಭಾಷೆಯಲ್ಲಿ. 42ನೇ ಸೆಕ್ಷನ್ ತೊಳೆದುಕೊಳ್ಳೋ ವ್ಯವಸ್ಥೆ ಕೇಳುತ್ತಿತ್ತು, 45 ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಕೇಳುತ್ತಿತ್ತು. ಒಳ್ಳೇ ಕಾಯ್ದೆ. ಆದರೆ ಬಾಗಿಲಲ್ಲೇ ಒಂದು ಎಣಿಕೆ ಇಟ್ಟುಬಿಟ್ಟರು: ವಿದ್ಯುತ್ ಇದ್ದರೆ 10 ಜನ, ಇಲ್ಲದಿದ್ದರೆ 20 ಜನ ಕೆಲಸಗಾರರು ಇದ್ದಾಗ ಮಾತ್ರ ಅದು ಕಾರ್ಖಾನೆ. ಸಲಿಕೆಯಲ್ಲಿ ಪುಡಿ ತಿರುವೋ ಶೆಡ್ಡಲ್ಲಿ ಐದು ಜನ, ಏಳು ಜನ. ಹತ್ತನೆಯವಳು ಬಂದರೆ ಅವಳ ಹೆಸರು ಮಸ್ಟರ್ ಪುಸ್ತಕಕ್ಕೆ ಹತ್ತಲ್ಲ. ಈಗ 2020ರ ಸಂಹಿತೆ ಆ ಎಣಿಕೆಯನ್ನು 20 ಮತ್ತು 40ಕ್ಕೆ ಏರಿಸಿದೆ. ಬಾಗಿಲು ಇನ್ನೂ ದೂರ ಹೋಯಿತು.

ಇನ್ನು ಭೋಪಾಲ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡಿನಿಂದ ಸೋರಿದ್ದು ಸರ್ಫ್ಯಾಕ್ಟಂಟ್ ಅಲ್ಲ, ಮೀಥೈಲ್ ಐಸೊಸೈನೇಟ್. ಅದನ್ನು ಇಲ್ಲಿ ಯಾಕೆ ತಂದೆ ಅಂದ್ರೆ, ಇವತ್ತು ನಾವು ಕೇಳಬಹುದಾದ ಪ್ರತಿಯೊಂದು ಕಾಗದವೂ ಹುಟ್ಟಿದ್ದು ಆ ರಾತ್ರಿಯಿಂದ. ಕಾರ್ಖಾನೆಯ ಗೋಡೆಗೆ ಅಂಟಿಕೊಂಡಿದ್ದ ಜೆ.ಪಿ. ನಗರ, ಕಾಜಿ ಕ್ಯಾಂಪಿನ ಬಡವರು ಗಾಳಿ ಬೀಸಿದ ಕಡೆಗೇ ಓಡಿದರು, ಓಡಿದಷ್ಟೂ ಉಸಿರು ಎಳೆದರು. ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಿರಿ ಅಂತ ಹೇಳಿದ್ದರೆ ಎಷ್ಟೋ ಜನ ಉಳಿಯುತ್ತಿದ್ದರು. ಯಾರೂ ಹೇಳಲಿಲ್ಲ. ಆಸ್ಪತ್ರೆಯ ಡಾಕ್ಟರುಗಳಿಗೆ ಯಾವ ಗ್ಯಾಸು, ಏನು ಮದ್ದು ಅನ್ನೋದೇ ಗೊತ್ತಿರಲಿಲ್ಲ. ಅಲ್ಲೂ ಬೇಕಿದ್ದದ್ದು ಒಂದಿಷ್ಟು ನೀರು, ಒಂದು ಹೆಸರು.

ಮೂರು ವರ್ಷದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂತು. 41-ಬಿ ಸೆಕ್ಷನ್: ಅಪಾಯಕಾರಿ ಕೆಲಸ ನಡೆಸೋ ಮಾಲೀಕ ಅಪಾಯವನ್ನೂ ಅದಕ್ಕೆ ಉಪಾಯವನ್ನೂ ಕೆಲಸಗಾರರಿಗೆ, ಇನ್‌ಸ್ಪೆಕ್ಟರಿಗೆ, ಸ್ಥಳೀಯ ಆಡಳಿತಕ್ಕೆ, ಸುತ್ತಲ ಜನರಿಗೆ ತಿಳಿಸಬೇಕು. 41-ಎಚ್: ಪ್ರಾಣಾಪಾಯ ಇದೆ ಅನಿಸಿದರೆ ಎಚ್ಚರಿಸೋ ಹಕ್ಕು ಕೆಲಸಗಾರರದ್ದು. 111-ಎ: ಆರೋಗ್ಯ, ಸುರಕ್ಷತೆಯ ಮಾಹಿತಿ ಕೇಳಿ ಪಡೆಯೋ ಹಕ್ಕು. ಮಾಹಿತಿ ಹಕ್ಕು ಕಾಯ್ದೆಗೆ ಹದಿನೆಂಟು ವರ್ಷ ಮೊದಲೇ ಇದು! 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದು ಸೇಫ್ಟಿ ಡೇಟಾ ಶೀಟಿನ ನಮೂನೆಯೂ ಕಾನೂನಿನೊಳಗೆ ಸೇರಿತು. ತುರ್ತು ಯೋಜನೆಯ ನಿಯಮಗಳು 1996ರಲ್ಲಿ. ಭೋಪಾಲದ ಕೇರಿಗಳಲ್ಲಿ ನೆಲದೊಳಗಿನ ನೀರೇ ಕೆಟ್ಟಿತ್ತಲ್ಲ, ಅಲ್ಲಿಗೆ ಶುದ್ಧ ನೀರು ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2004ರಲ್ಲಿ. ಇಪ್ಪತ್ತು ವರ್ಷ.

1998ರ ಬೇಸಿಗೆಯಲ್ಲಿ, ಅಂದ್ರೆ ಈ ಕಾಗದಗಳೆಲ್ಲ ಗೆಜೆಟ್ಟಿನಲ್ಲಿ ಹಳದಿಯಾಗುತ್ತಿದ್ದಾಗ, ನಮ್ಮ ಚಿಕ್ಕವ್ವ ನಮ್ಮ ಜಿಲ್ಲೆಯ ಒಂದು ಶೆಡ್ಡಲ್ಲಿ ಪುಡಿ ಕಲಸೋ ಕೆಲಸಕ್ಕೆ ಹೋಗುತ್ತಿದ್ದಳು. ಕ್ಯಾನಿನಿಂದ ಬಕೆಟ್ಟಿಗೆ ಸ್ಲರಿ ಬಗ್ಗಿಸುವಾಗ ಸಿಡಿದು ಬಲಗಣ್ಣಿಗೂ ತೊಡೆಗೂ ಬಿತ್ತು. ಜೊತೆಯವಳು ತನ್ನ ಬಾಟಲಿಯಲ್ಲಿದ್ದ ಅರ್ಧ ನೀರು ಕಣ್ಣಿಗೆ ಹಾಕಿದಳು. ಅಷ್ಟೇ. ಶೆಡ್ಡಿನ ಡ್ರಮ್ಮಿನಲ್ಲಿ ಇದ್ದದ್ದು ನೆಲ ತೊಳೆದ ಸೋಪಿನ ನೀರು.

ಎಷ್ಟೋ ವರ್ಷದ ಮೇಲೆ ಕೇಳಿದೆ: ‘ನೀರೇ ಇರಲಿಲ್ವಾ ಚಿಕ್ಕವ್ವ?’

‘ಇತ್ತು ಕಣಪ್ಪ. ಆಫೀಸ್ ತಾವ ನಲ್ಲಿ ಇತ್ತು. ಅದು ನಮ್ದಲ್ಲ.’

ಅದನ್ನು ಅವಳು ದೂರಿನ ದನಿಯಲ್ಲಿ ಹೇಳಲಿಲ್ಲ. ಇದು ಅವರ ಕುರ್ಚಿ, ಇದು ಅವರ ಲೋಟ ಅಂತ ಹೇಳೋ ಹಾಗೆ ಹೇಳಿದಳು.

ಮೊಪೆಡ್ಡಿನಲ್ಲಿ ಕೂರಿಸಿಕೊಂಡು ಊರ ಆಸ್ಪತ್ರೆಗೆ ಹೋದರು. ಏನು ಬಿತ್ತು ಅಂತ ಡಾಕ್ಟರು ಕೇಳಿದರು. ‘ಸೋಪಿನ ಎಣ್ಣೆ’ ಅಂದಳು. ಶೆಡ್ಡಲ್ಲಿ ಅದನ್ನು ಕರೀತಿದ್ದದ್ದೇ ಹಾಗೆ. ಕ್ಯಾನಿನ ಮೇಲೆ ಇಂಗ್ಲಿಷ್ ಚೀಟಿ ಇತ್ತು, ಅರ್ಧ ಕಿತ್ತುಹೋಗಿತ್ತು. ಸೋಪು ಅಂದಮೇಲೆ ಡಾಕ್ಟರು ಸೋಪಿಗೆ ಕೊಡೋ ಹನಿ ಕೊಟ್ಟು ಕಳಿಸಿದರು. ಮಾರನೇ ದಿನ ದೊಡ್ಡಾಸ್ಪತ್ರೆಗೆ ಹೋಗುವಷ್ಟರಲ್ಲಿ ಕಣ್ಣಿನ ಕಪ್ಪು ಬೆಳ್ಳಗಾಗಿತ್ತು. ಈಗಲೂ ಆ ಕಣ್ಣಲ್ಲಿ ಬೆಳಕು ಗೊತ್ತಾಗುತ್ತೆ, ಮುಖ ಗೊತ್ತಾಗಲ್ಲ.

ಇನ್ನೊಂದು ವಿಷಯ, ಇದನ್ನು ನಮ್ಮ ಗಂಡಸರ ಸಭೆಗಳಲ್ಲಿ ಯಾರೂ ಎತ್ತಲ್ಲ. ತೊಡೆಯ ಗಾಯ ಕಣ್ಣಿಗಿಂತ ಆಳ ಇತ್ತು. ಯಾಕೆ? ಸ್ಲರಿ ಹೀರಿದ ಸೀರೆ ಇಡೀ ದಿನ ಮೈಮೇಲೇ ಇತ್ತು. ಅಂಟಿದ ಬಟ್ಟೆ ತಕ್ಷಣ ತೆಗೆಯಿರಿ ಅಂತ ಡೇಟಾ ಶೀಟ್ ಹೇಳುತ್ತದೆ. ಎಲ್ಲಿ ತೆಗೆಯೋದು? ಬಾಗಿಲಿಲ್ಲದ ಶೆಡ್ಡು, ಅಕ್ಕಪಕ್ಕ ಲೋಡಿಂಗ್ ಹುಡುಗರು, ಮಾಲೀಕ, ಲಾರಿ ಡ್ರೈವರು. ಒಂದು ಪರದೆ, ಒಂದು ಹಳೇ ನೈಟಿ ಇದ್ದಿದ್ದರೆ ಸಾಕಿತ್ತು. ಇದನ್ನು ಯಾವ ಮಾನದಂಡದವರೂ ಬರೆದಿದ್ದು ನಾನು ಕಂಡಿಲ್ಲ, ಅದಕ್ಕೆ ಇಲ್ಲಿ ನಾನೇ ಬರೀತಿದ್ದೀನಿ.

ಇಷ್ಟು ಶೆಡ್ಡಿನ ಕಥೆ. ಆ ಪುಡಿ ಅಂಗಡಿಗೆ ಹೋಗಿ, ಮನೆಗೆ ಹೋಗಿ, ಬಟ್ಟೆಯಿಂದ ಚರಂಡಿಗೆ ಇಳಿಯುತ್ತದೆ. ಅಲ್ಲಿ ಕಾಯುತ್ತಾ ನಿಂತಿರೋರು ಮತ್ತೆ ನಮ್ಮವರೇ.

ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಬಿದ್ದದ್ದು ಎಲ್ಲ ಟಿವಿಯಲ್ಲೂ ಬಂತು. 2018ರ ಜನವರಿಯ ಬೆಂಕಿ ಆರಿಸೋಕೆ ಸೇನೆಯವರು ಇಳಿಯಬೇಕಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ನೊರೆ ಯಾಕೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ಹುಡುಕಿ ಹೇಳಿದ್ದಾರೆ: ಶುದ್ಧ ಮಾಡದ ಚರಂಡಿ ನೀರಿನ ಸರ್ಫ್ಯಾಕ್ಟಂಟು ಕೆರೆಯ ಕೆಸರಿಗೆ ಅಂಟಿ ಜಮೆಯಾಗುತ್ತಾ ಹೋಗುತ್ತದೆ, ದೊಡ್ಡ ಮಳೆ ಬಂದಾಗ ಕೆಸರು ಕದಡಿ ಅದೆಲ್ಲ ಒಟ್ಟಿಗೆ ಮೇಲಕ್ಕೆ ಬರುತ್ತದೆ. ಮೇಲೆ ಹೇಳಿದ್ದೆನಲ್ಲ, ಗಾಳಿ ಇಲ್ಲದ ಕೆಸರಿನಲ್ಲಿ ಇದು ಕೊಳೆಯಲ್ಲ ಅಂತ. ಟಿವಿಯವರ ಚಿಂತೆ ಕಾರಿನ ಗಾಜಿಗೆ ನೊರೆ ಹಾರುತ್ತದೆ ಅನ್ನೋದು. ಆ ಕೆಸರು ಬಾಚೋನ ಕೈ ಬಗ್ಗೆ ಒಂದು ನಿಮಿಷದ ಸುದ್ದಿಯೂ ನಾನು ನೋಡಲಿಲ್ಲ.

ಮ್ಯಾನ್‌ಹೋಲಿನ ಸಾವುಗಳ ಬಗ್ಗೆ ಈ ಗೋಡೆಯಲ್ಲಿ ಬೇಕಾದಷ್ಟು ಬರೆದಿದ್ದೀನಿ. 2013ರ ಕಾಯ್ದೆ, 2014ರ ಮಾರ್ಚ್ 27ರ ತೀರ್ಪಿನ 10 ಲಕ್ಷ, 2023ರ ಅಕ್ಟೋಬರಿನ ತೀರ್ಪಿನ 30 ಲಕ್ಷ, ಎಲ್ಲ ನಿಮಗೆ ಗೊತ್ತು. ಇವತ್ತಿನ ವಿಷಯಕ್ಕೆ ಸೇರಿದ್ದು ಒಂದೇ: ಕಕ್ಕಸು ತೊಳೆಯೋ ಆಸಿಡ್ ಚರಂಡಿಯ ಕೊಳಕಿಗೆ ಬೆರೆತರೆ ಹೈಡ್ರೋಜನ್ ಸಲ್ಫೈಡ್ ಎದ್ದೇಳುತ್ತದೆ. ಒಳಗೆ ಇಳಿದವನನ್ನು ಕೊಲ್ಲೋ ಗ್ಯಾಸುಗಳಲ್ಲಿ ಅದೇ ಮುಖ್ಯ. ಮೇಲೆ ನಿಂತು ಬಾಟಲಿ ಸುರಿದವರಿಗೆ ಇದು ಗೊತ್ತೇ ಇರಲ್ಲ.

ಹೌಸ್‌ಕೀಪಿಂಗ್ ಅನ್ನೋ ಹೊಸ ಹೆಸರಿನ ಹಳೇ ಕೆಲಸದಲ್ಲಿ ಈಗ ನಮ್ಮ ಅಕ್ಕತಂಗಿಯರು ಎಷ್ಟು ಜನ ಇದ್ದಾರೆ ಅನ್ನೋದು ಗೊತ್ತೇ ಇದೆ. ಅವರ ಕೈಗೆ ಬರೋದು ಅರ್ಧ ಕಿತ್ತ ಚೀಟಿಯ ಕ್ಯಾನೂ ಅಲ್ಲ, ನೀರಿನ ಬಾಟಲಿಗೆ ಬಗ್ಗಿಸಿದ ಬಣ್ಣದ ದ್ರಾವಣ. ಕೋವಿಡ್ ಕಾಲದಿಂದ ಬೆಂಜಾಲ್ಕೋನಿಯಂ ಅನ್ನೋ ಇನ್ನೊಂದು ಜಾತಿಯ ಸರ್ಫ್ಯಾಕ್ಟಂಟು ಎಲ್ಲ ಕಡೆ ಬಂದಿದೆ. ನೀರು ಬೆರೆಸಿದ ಮೇಲೆ ಅದು ಸಾಧು. ಬೆರೆಸೋ ಮುಂಚೆ ಕಣ್ಣಿಗೆ ಬಿದ್ದರೆ ಸ್ಲರಿಯಷ್ಟೇ ಕ್ರೂರಿ. ಬೆರೆಸೋ ಕೆಲಸ ಯಾರದು ಅಂತ ಬೇರೆ ಹೇಳಬೇಕಾ?

ನಮ್ಮ ಗುಂಪಿನವರು ಶೆಡ್ಡುಗಳಿಗೆ ಹೋಗಿ ಹೇಳ್ತಿರೋದನ್ನು ಇಲ್ಲೂ ಬರೀತೀನಿ, ಕಾಪಿ ಮಾಡಿಕೊಂಡು ನಿಮ್ಮ ಕಡೆ ಹಂಚಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು 15 ನಿಮಿಷ ಹರಿಯೋ ನೀರು, ಆಮೇಲೆ ಆಸ್ಪತ್ರೆ. ನೀರು ಹಾಕದೆ ಮೊದಲೇ ಆಸ್ಪತ್ರೆಗೆ ಓಡಬೇಡಿ, ಕಣ್ಣು ಹೋಗೋದು ಆ ದಾರಿಯಲ್ಲೇ. ಮೈಗೆ ಬಿದ್ದರೆ ನೀರು ಹಾಕುತ್ತಲೇ ಬಟ್ಟೆ ತೆಗೆಯಿರಿ, ಪರದೆಗೆ ಒಬ್ಬರು ಸೀರೆ ಹಿಡಿಯಲಿ. ಸುಣ್ಣ, ಸೋಡಾ ಹಚ್ಚಬೇಡಿ, ಆಸಿಡ್ಡಿನ ಜೊತೆ ಸೇರಿ ಇನ್ನೂ ಸುಡುತ್ತೆ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಅಭ್ಯಾಸ ನಮ್ಮಲ್ಲಿದೆ, ಅದನ್ನು ಮಾತ್ರ ಮಾಡಲೇಬೇಡಿ. ವಾಂತಿಯ ಜೊತೆ ನೊರೆ ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಬರುತ್ತದೆ, ಗಂಟಲು ಎರಡನೇ ಸಲ ಸುಡುತ್ತದೆ. ನೆಲಕ್ಕೆ ಚೆಲ್ಲಿದರೆ ನೀರು ಬಿಟ್ಟು ಚರಂಡಿಗೆ ತಳ್ಳಬೇಡಿ, ನೆಲ ಜಾರುತ್ತೆ, ನೊರೆ ಕೆರೆ ಸೇರುತ್ತೆ. ಮರಳು ಹಾಕಿ, ಸುತ್ತ ಕಟ್ಟೆ ಕಟ್ಟಿ, ಗ್ಲೌಸ್ ಹಾಕಿ ಬಾಚಿ. ಕಾಸ್ಟಿಕ್ ಕರಗಿಸೋರು ನೀರಿಗೆ ಕಾಸ್ಟಿಕ್ ಹಾಕಿ, ಸ್ವಲ್ಪ ಸ್ವಲ್ಪ. ಕಾಸ್ಟಿಕ್ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಬ್ಲೀಚಿಂಗ್ ಪೌಡರಿಗೂ ಕಕ್ಕಸಿನ ಆಸಿಡ್ಡಿಗೂ ಯಾವತ್ತೂ ಭೇಟಿ ಮಾಡಿಸಬೇಡಿ, ಏಳೋದು ಕ್ಲೋರಿನ್. ಕ್ಯಾನಿನ ಚೀಟಿಯ ಫೋಟೋ ಇವತ್ತೇ ಮೊಬೈಲಲ್ಲಿ ತೆಗೆದಿಟ್ಟುಕೊಳ್ಳಿ. ಡಾಕ್ಟರು ಏನು ಬಿತ್ತು ಅಂದಾಗ ‘ಸೋಪಿನ ಎಣ್ಣೆ’ ಅನ್ನೋ ಬದಲು ಆ ಫೋಟೋ ತೋರಿಸಿ.

ಕನ್ನಡದಲ್ಲಿ ಡೇಟಾ ಶೀಟ್ ಕೊಡಿ ಅಂತ ಕಾರ್ಮಿಕ ಇಲಾಖೆಗೂ ಕಾರ್ಖಾನೆಗಳ ಇಲಾಖೆಗೂ ಅರ್ಜಿ ಹಾಕುತ್ತಿದ್ದೀವಿ. ಕುಡಿಯೋ ನೀರಿನ ಬೋರ್ಡಿಗೆ ಜನರ ಭಾಷೆ ಬೇಕು ಅಂತ 1948ರಲ್ಲೇ ಅನಿಸಿದ ಮೇಲೆ, ಕಣ್ಣು ಉಳಿಸೋ ಕಾಗದಕ್ಕೆ ಅನಿಸದೇ ಇರೋಕೆ ಕಾರಣ ಇಲ್ಲ. ಅರ್ಜಿಗೆ ಸಹಿ ಬೇಕು, ಸಹಿಗಿಂತ ಹೆಚ್ಚಾಗಿ ಒಂದು ಲೆಕ್ಕ ಬೇಕು. ನೀವು, ನಿಮ್ಮ ಅವ್ವ, ಅಕ್ಕ ಕೆಲಸ ಮಾಡೋ ಜಾಗದಲ್ಲಿ ಕ್ಯಾನ್ ಇಟ್ಟ ಕಡೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ, ಆ ನಲ್ಲಿ ತಿರುಗಿಸೋಕೆ ಯಾರನ್ನಾದರೂ ಕೇಳಬೇಕಾ, ಇವೆರಡನ್ನು ನೋಡಿ ಬರೆದು ಕಳಿಸಿ. ಕಂಪನಿಯ ಹೆಸರು ಬೇಡ, ಊರು ಸಾಕು.

ಜೈ ಭೀಮ್.